ಏನೂ ನಡೆಯದ ಶನಿವಾರ

ಇಂದು ಪವಿತ್ರ ಶನಿವಾರ. ಕ್ರೈಸ್ತರ ಪಂಚಾಂಗದಲ್ಲಿ ಇಷ್ಟು ಬರಿದಾದ ದಿನ ಇನ್ನೊಂದಿಲ್ಲ. ನಿನ್ನೆ ಶುಭ ಶುಕ್ರವಾರ: ಶಿಲುಬೆಯ ಹಾದಿ, ಉಪವಾಸ, ಶಿಲುಬೆಗೆ ಮುತ್ತಿಡಲು ಸಾಲುಗಟ್ಟಿ ನಿಂತ ಜನ. ನಾಳೆ ಈಸ್ಟರ್: ಹಾಡು, ಹೂವು, ಹೊಸ ಬಟ್ಟೆ, ಹಬ್ಬದೂಟ. ನಡುವಿನ ಈ ಹಗಲಿನಲ್ಲಿ ಕಥೋಲಿಕ ದೇವಾಲಯಗಳಲ್ಲಿ ಬಲಿಪೂಜೆ ಇಲ್ಲ. ಬಲಿಪೀಠದ ಮೇಲಿನ ವಸ್ತ್ರವನ್ನು ತೆಗೆದಿಟ್ಟಿರುತ್ತಾರೆ. ಪರಮಪ್ರಸಾದದ ಪೆಟ್ಟಿಗೆಯ ಬಾಗಿಲು ತೆರೆದಿರುತ್ತದೆ, ಒಳಗೆ ಏನೂ ಇರುವುದಿಲ್ಲ. ಗುರುವಾರ ಸಂಜೆಯ ಪೂಜೆಯಲ್ಲಿ ಮಹಿಮಾಗೀತೆಯ ಹೊತ್ತಿಗೆ ಬಾರಿಸಿದ ಗಂಟೆ ಇಂದು ರಾತ್ರಿಯ ಜಾಗರಣೆಯವರೆಗೆ ಬಾಯಿಬಿಡುವುದಿಲ್ಲ.

ಹೊರಗಿನಿಂದ ಬಂದವರಿಗೆ ಗಲಿಬಿಲಿಯಾಗುತ್ತದೆ. ಎತ್ತ ತಿರುಗಿ ಕೈಮುಗಿಯಬೇಕು ಎಂದೇ ತಿಳಿಯುವುದಿಲ್ಲ. ಮಾಡಲು ಏನೂ ಇಲ್ಲದ ಈ ದಿನವನ್ನು ಧರ್ಮಸಭೆ ಮರೆತು ಬಿಟ್ಟದ್ದಲ್ಲ, ಬೇಕೆಂದೇ ಹಾಗೆ ಇಟ್ಟುಕೊಂಡಿದೆ. ನಂಬಿಕೆ ಬೇರು ಬಿಡುವುದು ಇಂಥ ಹೊತ್ತಿನಲ್ಲೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ದೇವರ ಮಾತು ಮನಸ್ಸಿಗೆ ನಾಟಿದಾಗ ಕುಳಿತು ಕೇಳುವುದು ಸುಲಭ. ಬೇಡಿದ್ದು ಕೈಗೆ ಬಂದಾಗ ಸ್ತುತಿಸುವುದು ಇನ್ನೂ ಸುಲಭ. ಏನೂ ಕೇಳಿಸದ, ಏನೂ ಸಿಗದ ಹೊತ್ತಿನಲ್ಲಿ ಎದ್ದು ಹೋಗದೆ ಇರುವುದು ಕಷ್ಟ. ಆ ಕಷ್ಟವನ್ನು ಒಪ್ಪಿಕೊಂಡವರ ನಂಬಿಕೆಯೇ ಆಳಕ್ಕಿಳಿಯುತ್ತದೆ.

ಲೂಕನ ಸುವಾರ್ತೆಯಲ್ಲಿ ಈ ಶನಿವಾರಕ್ಕೆ ಸಿಕ್ಕಿರುವ ಜಾಗ ಬಹಳ ಸ್ವಲ್ಪ. ಅದನ್ನು ಓದಿ ಮುಂದೆ ಹೋಗದೆ ತುಸು ನಿಂತು ನೋಡಬೇಕು. ಗಲಿಲೇಯದಿಂದ ಯೇಸುವಿನ ಜೊತೆ ಬಂದಿದ್ದ ಹೆಂಗಸರು ದೇಹವನ್ನು ಸಮಾಧಿಗೆ ಒಯ್ದ ಅರಿಮತಾಯದ ಯೋಸೇಫನ ಹಿಂದೆಯೇ ಹೋಗಿ ಸಮಾಧಿ ಎಲ್ಲಿದೆ ಎಂದು ನೋಡಿಕೊಂಡರು. ದೇಹವನ್ನು ಹೇಗೆ ಇಟ್ಟರು ಎಂಬುದನ್ನೂ ಕಣ್ಣಾರೆ ಕಂಡರು. ಮನೆಗೆ ಮರಳಿ ಸುಗಂಧದ್ರವ್ಯಗಳನ್ನೂ ಪರಿಮಳ ತೈಲವನ್ನೂ ಅಣಿಮಾಡಿದರು. ಅಷ್ಟರಲ್ಲಿ ಸಬ್ಬತ್ ಬಂತು. ಧರ್ಮಶಾಸ್ತ್ರಕ್ಕೆ ವಿಧೇಯರಾಗಿ ಅವರು ಕೆಲಸ ನಿಲ್ಲಿಸಿದರು.

ಆ ಮನೆಯೊಳಗಿನ ಹಗಲನ್ನು ಊಹಿಸಿಕೊಳ್ಳಿ. ತೈಲದ ಕುಡಿಕೆ ಮೂಲೆಯಲ್ಲಿದೆ, ಅದರ ವಾಸನೆ ಮನೆಯೆಲ್ಲ ಹಬ್ಬಿದೆ. ಸಮಾಧಿಯ ದಾರಿ ಗೊತ್ತಿದೆ. ಎದೆಯ ತುಂಬ ಸಂಕಟ. ಕೈಗೊಂದು ಕೆಲಸ ಸಿಕ್ಕಿದ್ದರೆ ಆ ಸಂಕಟ ಸ್ವಲ್ಪ ಹಗುರಾಗುತ್ತಿತ್ತು. ಸಾವಾದ ಮನೆಯಲ್ಲಿ ಹೆಂಗಸರು ಪಾತ್ರೆ ತೊಳೆಯುವುದನ್ನು, ನೆಲ ಒರೆಸುವುದನ್ನು ಬಿಡದಿರುವುದು ಅದಕ್ಕೇ ಅಲ್ಲವೇ? ಆ ಸಮಾಧಾನವೂ ಅವರಿಗಿರಲಿಲ್ಲ. ಶುಕ್ರವಾರ ಸಂಜೆಯಿಂದ ಭಾನುವಾರ ನಸುಕಿನವರೆಗೆ, ಎರಡು ರಾತ್ರಿ ಒಂದು ಹಗಲು, ಅವರು ಹಾಗೇ ಇದ್ದರು. ಭಾನುವಾರ ಏನಾಗಲಿದೆ ಎಂಬ ಸುಳಿವು ಅವರಿಗಿರಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಅವರು ಪುನರುತ್ಥಾನಕ್ಕಾಗಿ ಕಾಯುತ್ತಿರಲಿಲ್ಲ. ಸತ್ತವನ ಮೈಗೆ ತೈಲ ಹಚ್ಚಲು ಕಾಯುತ್ತಿದ್ದರು. ಆಸೆಯ ಎಳೆಯೂ ಇಲ್ಲದ ಕಡೆ ಅವರನ್ನು ಹಿಡಿದು ನಿಲ್ಲಿಸಿದ್ದು ಪ್ರೀತಿ ಮತ್ತು ವಿಧೇಯತೆ, ಇವೆರಡೇ.

ಅದೇ ದಿನದ ಇನ್ನೊಂದು ಮಗ್ಗುಲನ್ನು ಮತ್ತಾಯ ಬರೆದಿದ್ದಾನೆ. ಯೇಸುವನ್ನು ಕೊಲ್ಲಿಸಿದ ಮುಖಂಡರಿಗೆ ಅಂದು ಪುರುಸೊತ್ತಿಲ್ಲ. ಪಿಲಾತನ ಬಳಿಗೆ ಹೋಗುತ್ತಾರೆ, ಕಾವಲು ಬೇಕೆಂದು ಕೇಳುತ್ತಾರೆ, ಸಮಾಧಿಯ ಕಲ್ಲಿಗೆ ಮುದ್ರೆ ಒತ್ತಿಸುತ್ತಾರೆ. ಶನಿವಾರವಿಡೀ ಓಡಾಡಿದವರು ಸಮಾಧಿಯನ್ನು ಮುಚ್ಚಿಯೇ ಇಡಬೇಕೆಂದಿದ್ದವರು. ಮನೆಯಲ್ಲಿ ಸುಮ್ಮನಿದ್ದ ಹೆಂಗಸರೇ ಅದು ಬರಿದಾದದ್ದನ್ನು ಮೊದಲು ಕಂಡರು. ದೇವರ ಕೆಲಸ ನಡೆಯುವಾಗ ನಮ್ಮ ಗಡಿಬಿಡಿಗೆ ಎಷ್ಟು ಬೆಲೆ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಕಾಯುವುದು ಧರ್ಮಸಭೆಗೂ ಸುಲಭಕ್ಕೆ ದಕ್ಕಿದ ಪಾಠವಲ್ಲ. ಮೊದಲ ಶತಮಾನಗಳಲ್ಲಿ ಪಾಸ್ಖ ಜಾಗರಣೆ, ಅಂದರೆ ಈಸ್ಟರ್ ಜಾಗರಣೆ, ರಾತ್ರಿಯಲ್ಲೇ ನಡೆಯುತ್ತಿತ್ತು. ದೀಕ್ಷಾಸ್ನಾನ ಪಡೆಯುವವರು ಆ ಒಂದು ರಾತ್ರಿಗಾಗಿ ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ ಅಣಿಯಾಗುತ್ತಿದ್ದರು. ಕಾಲ ಸರಿದಂತೆ ಆಚರಣೆ ಸಂಜೆಗೆ ಬಂತು, ಮಧ್ಯಾಹ್ನಕ್ಕೆ ಬಂತು, ಕೊನೆಗೆ ಶನಿವಾರ ಬೆಳಿಗ್ಗೆಯೇ ಮುಗಿಯತೊಡಗಿತು. ಕತ್ತಲೆಯಲ್ಲಿ ಹೊತ್ತಿಸಬೇಕಾದ ಹೊಸ ಬೆಂಕಿಯನ್ನು ಬಿಸಿಲಿನಲ್ಲಿ ಹೊತ್ತಿಸಿದರು. ಶತಮಾನಗಳ ಕಾಲ ಹೀಗೇ ನಡೆಯಿತು. 1951ರಲ್ಲಿ ಪೋಪ್ ಹನ್ನೆರಡನೆಯ ಪಿಯೂಸ್ ಅದನ್ನು ಪ್ರಾಯೋಗಿಕವಾಗಿ ರಾತ್ರಿಗೆ ಮರಳಿಸಿದರು. 1956ರ ಪವಿತ್ರ ವಾರದಿಂದ ಅದೇ ನಿಯಮವಾಯಿತು. ಕಳೆದುಹೋಗಿದ್ದ ಒಂದು ಹಗಲು ಹೀಗೆ ಕ್ರೈಸ್ತರ ಕೈಗೆ ಮರಳಿ ಬಂತು.

ಆ ಹಗಲನ್ನು ನಾವು ಈಗ ಹೇಗೆ ಕಳೆಯುತ್ತಿದ್ದೇವೆ? ಬಟ್ಟೆಯಂಗಡಿ, ಬೇಕರಿ, ಮಾಂಸದಂಗಡಿಯ ಸಾಲು, ಊರಿಗೆ ಹೊರಟ ಬಸ್ಸು. ಹಬ್ಬದ ತಯಾರಿ ತಪ್ಪೇನಲ್ಲ, ಆ ಹೆಂಗಸರೂ ತಯಾರಿ ಮಾಡಿದರು. ಆದರೆ ತಯಾರಿ ಮುಗಿಸಿ ಅವರು ನಿಂತರು. ನಮಗೆ ಬಾರದೇ ಇರುವುದು ಈ ನಿಲ್ಲುವ ವಿದ್ಯೆ. ಶನಿವಾರವನ್ನು ಹಾರಿ ಭಾನುವಾರಕ್ಕೆ ಬೀಳುವ ಈ ಅಭ್ಯಾಸ ನಮ್ಮ ಪ್ರಾರ್ಥನೆಗೂ ಅಂಟಿಕೊಂಡಿದೆ. ಒಂಬತ್ತು ದಿನದ ನೊವೆನಾಕ್ಕೆ ಕೂತವರು ಐದನೆಯ ದಿನವೇ ಫಲ ಎಲ್ಲಿ ಎಂದು ಕೇಳುತ್ತೇವೆ. ಧ್ಯಾನಕೂಟದಲ್ಲಿ ಕಣ್ಣೀರು ಬಂದರೆ ದೇವರು ಮುಟ್ಟಿದರು ಎನ್ನುತ್ತೇವೆ, ಬಾರದಿದ್ದರೆ ಈ ಸಲ ಸರಿಹೋಗಲಿಲ್ಲ ಎನ್ನುತ್ತೇವೆ. ಪ್ರಾರ್ಥನೆಯ ಬೆಲೆಯನ್ನು ಅದು ಕೊಟ್ಟ ಅನುಭವದಿಂದಲೇ ಅಳೆಯುತ್ತಾ ಹೋದರೆ ನಮ್ಮ ನಂಬಿಕೆ ದೇವರ ಮೇಲಿರುವುದಿಲ್ಲ, ಅನುಭವದ ಮೇಲಿರುತ್ತದೆ. ಅನುಭವ ಬತ್ತಿದ ದಿನ ನಂಬಿಕೆಯೂ ಬತ್ತುತ್ತದೆ.

ಆದಿ ಕ್ರೈಸ್ತರು ಇದನ್ನು ಚೆನ್ನಾಗಿ ಅರಿತಿದ್ದರು. ತಾಳ್ಮೆಯನ್ನೇ ವಿಷಯವಾಗಿಟ್ಟುಕೊಂಡ ಪ್ರಾಚೀನ ಕ್ರೈಸ್ತ ಗ್ರಂಥಗಳು ಹುಟ್ಟಿದ್ದು ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ, ಅಂದರೆ ಇಂದಿನ ಟುನೀಷಿಯದಲ್ಲಿ. ಕ್ರಿ.ಶ. 200ರ ಆಸುಪಾಸಿನಲ್ಲಿ ತೆರ್ತುಲಿಯನ್ ಬರೆದ. ಅವನ ಮಾತು ಹರಿತ, ಸ್ವಭಾವ ಬಿಸಿ. ಈ ಗುಣದ ಬಗ್ಗೆ ಬರೆಯುವ ಯೋಗ್ಯತೆ ತನಗಿಲ್ಲವೆಂದು ಆರಂಭದಲ್ಲೇ ಒಪ್ಪಿಕೊಂಡು ಬರೆದ. ಮನುಷ್ಯನ ತಾಳ್ಮೆಯ ಮೂಲ ದೇವರ ತಾಳ್ಮೆಯಲ್ಲಿದೆ ಎಂಬುದು ಅವನ ವಾದದ ತಿರುಳು. ನಾವು ಕಾಯುವುದಕ್ಕೂ ಮೊದಲು ದೇವರು ನಮಗಾಗಿ ಕಾದಿದ್ದಾರೆ. ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಬಿಸಿಲು ಬೀಳುತ್ತದೆ, ಮಳೆ ಸುರಿಯುತ್ತದೆ. ಲೆಕ್ಕ ತೀರಿಸಲು ಅವರಿಗೆ ಅವಸರವಿಲ್ಲ.

ಅದೇ ಕಾರ್ಥೇಜಿನ ಬಿಷಪ್ ಸಿಪ್ರಿಯನ್ 256ರಲ್ಲಿ ತಾಳ್ಮೆಯ ಹಿರಿಮೆಯ ಬಗ್ಗೆ ಒಂದು ಪುಸ್ತಕ ಬರೆದರು. ಕೆಲವೇ ವರ್ಷಗಳ ಹಿಂದೆ ಊರಿಗೆ ಭೀಕರ ಸಾಂಕ್ರಾಮಿಕ ರೋಗ ಬಡಿದಿತ್ತು, ಜನ ಮನೆಯವರನ್ನೇ ಬಿಟ್ಟು ಓಡುತ್ತಿದ್ದರು. ಆಗ ಸಿಪ್ರಿಯನ್ ಕ್ರೈಸ್ತರನ್ನು ಒಟ್ಟುಗೂಡಿಸಿ, ತಮ್ಮವರಿಗೆ ಮಾತ್ರವಲ್ಲ, ತಮ್ಮನ್ನು ದ್ವೇಷಿಸಿದವರಿಗೂ ನೆರವಾಗಬೇಕೆಂದು ಹೇಳಿದರು. ಪುಸ್ತಕ ಬರೆಯುವ ಹೊತ್ತಿಗೆ ಧರ್ಮಸಭೆಯೊಳಗೇ ದೀಕ್ಷಾಸ್ನಾನದ ಕುರಿತು ದೊಡ್ಡ ಜಗಳ ಎದ್ದಿತ್ತು, ಆ ಜಗಳದ ಒಂದು ಪಕ್ಷದಲ್ಲಿ ಅವರೇ ಇದ್ದರು. ತನ್ನನ್ನು ಹಿಡಿದುಕೊಡುವವನೆಂದು ಗೊತ್ತಿದ್ದೂ ಯೇಸು ಯೂದನನ್ನು ಕೊನೆಯವರೆಗೆ ಸಹಿಸಿದ್ದನ್ನು ಅವರು ಅಲ್ಲಿ ನೆನಪಿಸುತ್ತಾರೆ. ಎರಡು ವರ್ಷಗಳ ಬಳಿಕ, 258ರ ಸೆಪ್ಟೆಂಬರ್ 14ರಂದು, ರೋಮನ್ ಅಧಿಕಾರಿಗಳು ಅವರ ತಲೆ ಕಡಿಸಿದರು. ಇಂಥವರ ಬಾಯಲ್ಲಿ ತಾಳ್ಮೆ ಎಂದರೆ ಕೈಕಟ್ಟಿ ಕೂರುವುದಲ್ಲ. ರೋಗಿಯ ಪಕ್ಕದಿಂದ ಏಳದಿರುವುದು, ಜಗಳದಲ್ಲೂ ಸಂಬಂಧ ಹರಿದುಕೊಳ್ಳದಿರುವುದು, ಹೆದರಿಸಿದರೂ ಜಾಗ ಬಿಡದಿರುವುದು.

ಜಾಗ ಬಿಡದಿರುವ ಈ ಗುಣವನ್ನು ಮೈಗೂ ಮನಸ್ಸಿಗೂ ಕಲಿಸಬೇಕಾಗುತ್ತದೆ. ಅದರ ಅಭ್ಯಾಸವೇ ನಿಶ್ಚಲತೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿಗೆ ಹೋಗಿ ನೆಲೆಸಿದ ಸನ್ಯಾಸಿಗಳು ಈ ಅಭ್ಯಾಸದ ಕಷ್ಟವನ್ನೆಲ್ಲ ಕಂಡುಂಡು ಬರೆದಿಟ್ಟಿದ್ದಾರೆ. ಅವರಲ್ಲೊಬ್ಬ, 399ರಲ್ಲಿ ತೀರಿಕೊಂಡ ಇವಾಗ್ರಿಯಸ್, ಮಧ್ಯಾಹ್ನದ ಬೇಸರವನ್ನು ವರ್ಣಿಸಿದ ರೀತಿ ಇಂದಿಗೂ ಬೆರಗು ಹುಟ್ಟಿಸುತ್ತದೆ. ಕುಟೀರದಲ್ಲಿ ಕುಳಿತ ಸನ್ಯಾಸಿಗೆ ಸೂರ್ಯ ಕದಲುವುದೇ ಇಲ್ಲವೇನೋ ಎನ್ನಿಸುತ್ತದೆ. ದಿನಕ್ಕೆ ಐವತ್ತು ಗಂಟೆ ಇದ್ದಂತೆ ತೋರುತ್ತದೆ. ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ. ಹೊರಗೆ ಬಂದು ಊಟದ ಹೊತ್ತಿಗೆ ಇನ್ನೆಷ್ಟಿದೆ ಎಂದು ಬಿಸಿಲನ್ನು ಅಳೆಯುತ್ತಾನೆ. ಮಾತಿಗೆ ಯಾರಾದರೂ ಬರುತ್ತಾರೇನೋ ಎಂದು ಅತ್ತಿತ್ತ ಕಣ್ಣು ಹಾಯಿಸುತ್ತಾನೆ. ಆಮೇಲೆ ಇರುವ ಜಾಗವೇ ಹಿಡಿಸದು, ಮಾಡುವ ಕೆಲಸವೇ ಹಿಡಿಸದು. ಇಲ್ಲಿ ಪ್ರೀತಿಯೇ ಇಲ್ಲ, ಬೇರೆ ಕಡೆ ಹೋದರೆ ದೇವರು ಸಿಗುತ್ತಾರೆ ಎಂಬ ಯೋಚನೆ ಶುರುವಾಗುತ್ತದೆ.

ಹದಿನಾರು ಶತಮಾನಗಳ ಹಿಂದಿನ ಆ ಕಿಟಕಿ ಈಗ ನಮ್ಮ ಜೇಬಿನಲ್ಲಿದೆ. ಪ್ರಾರ್ಥನೆಗೆ ಕೂತ ಎರಡನೆಯ ನಿಮಿಷಕ್ಕೆ ಕೈ ಮೊಬೈಲಿನತ್ತ ಚಾಚುತ್ತದೆ. ಯಾರ ಸಂದೇಶ ಬಂತು, ಗಂಟೆ ಎಷ್ಟಾಯಿತು, ಬೇರೆ ಯಾವ ಬೋಧಕರ ವಿಡಿಯೊ ಚೆನ್ನಾಗಿದೆ ಎಂದು ಹುಡುಕುತ್ತದೆ. ಈ ಚಡಪಡಿಕೆ ಈ ಕಾಲದ ಯಂತ್ರಗಳಿಂದ ಹುಟ್ಟಿದ್ದಲ್ಲ, ಅವು ಅದಕ್ಕೆ ಸಲೀಸಾದ ದಾರಿ ಮಾಡಿಕೊಟ್ಟಿವೆ ಅಷ್ಟೇ. ಆದ್ದರಿಂದ ಮದ್ದೂ ಹಳೆಯದೇ ಇದೆ.

ಆ ಮದ್ದನ್ನು ಸನ್ಯಾಸಿಗಳ ಹಿರಿಯಣ್ಣನಾದ ಸಂತ ಅಂತೋಣಿಯ ಕಥೆಯೊಂದು ಹೇಳುತ್ತದೆ. ಒಮ್ಮೆ ಅವರಿಗೂ ಇದೇ ಬೇಸರ ಕವಿಯಿತು, ಮನಸ್ಸಿನ ತುಂಬ ಬೇಡದ ಯೋಚನೆಗಳು. ಉಳಿಯಬೇಕೆಂಬ ಆಸೆಯಿದೆ, ಈ ಯೋಚನೆಗಳು ಬಿಡುತ್ತಿಲ್ಲ, ಏನು ಮಾಡಲಿ ಎಂದು ದೇವರನ್ನು ಕೇಳಿದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ನೋಡಿದರೆ ತನ್ನಂತೆಯೇ ಇರುವ ಒಬ್ಬ ಕೂತು ಹಗ್ಗ ಹೊಸೆಯುತ್ತಿದ್ದಾನೆ. ಅನಂತರ ಎದ್ದು ಪ್ರಾರ್ಥಿಸುತ್ತಾನೆ, ಮತ್ತೆ ಕೂತು ಹೊಸೆಯುತ್ತಾನೆ, ಮತ್ತೆ ಎದ್ದು ಪ್ರಾರ್ಥಿಸುತ್ತಾನೆ. ಅವನು ದೇವದೂತ. ಹೀಗೆ ಮಾಡು, ಉಳಿಯುತ್ತೀಯ ಎಂಬುದೇ ಅವನು ತಂದ ಸಂದೇಶ. ಅಂತೋಣಿಗೆ ದರ್ಶನದಲ್ಲಿ ಸ್ವರ್ಗ ಕಾಣಲಿಲ್ಲ, ಗುಟ್ಟಾದ ಮಂತ್ರ ಸಿಗಲಿಲ್ಲ. ಅವರು ದಿನವೂ ಮಾಡುತ್ತಿದ್ದ ಕೆಲಸವನ್ನೇ, ದಿನವೂ ಹೇಳುತ್ತಿದ್ದ ಪ್ರಾರ್ಥನೆಯನ್ನೇ ದೇವರು ಎದುರಿಗೆ ಹಿಡಿದು ತೋರಿಸಿದರು. ಬೇಸರಕ್ಕೆ ಸಿಕ್ಕ ಉತ್ತರ ಇಷ್ಟು ಸರಳವಾಗಿತ್ತು.

ಪ್ರಾರ್ಥನೆಯಲ್ಲಿ ಮುಂದೆ ಹೋದವರಿಗೆ ಇಂಥ ಒಣ ದಿನಗಳೇ ಬರುವುದಿಲ್ಲ ಎಂದುಕೊಳ್ಳುತ್ತೇವೆ. ಸ್ಪೇನಿನ ಆವಿಲಾದ ಸಂತ ತೆರೇಸಾ ತಮ್ಮ ಆತ್ಮಕಥೆಯಲ್ಲಿ ಆ ಭ್ರಮೆಯನ್ನು ಒಡೆದಿದ್ದಾರೆ. 1535ರಲ್ಲಿ ಮಠ ಸೇರಿದ ಅವರು ಸುಮಾರು ಹದಿನೆಂಟು ವರ್ಷ ಪ್ರಾರ್ಥನೆಯ ಬರಗಾಲವನ್ನು ಕಂಡರು. ಕೆಲವು ವರ್ಷಗಳಲ್ಲಿ, ಪ್ರಾರ್ಥನೆಗೆ ಮೀಸಲಿಟ್ಟ ಒಂದು ಗಂಟೆ ಯಾವಾಗ ಮುಗಿಯುತ್ತದೋ ಎಂಬ ಕಾತರದಲ್ಲಿ ಗಡಿಯಾರದ ಸದ್ದಿಗೇ ಕಿವಿಗೊಟ್ಟಿರುತ್ತಿದ್ದೆ ಎಂದು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಪ್ರಾರ್ಥನೆಯ ಕೋಣೆಗೆ ಕಾಲಿಡುವಾಗಲೇ ಮನಸ್ಸು ಭಾರವಾಗುತ್ತಿತ್ತಂತೆ. ಆದರೂ ಹೋದರು, ಗಡಿಯಾರ ಹೊಡೆಯುವವರೆಗೆ ಇದ್ದರು. ಮುಂದೆ ಇದೇ ತೆರೇಸಾ ಕಾರ್ಮೆಲ್ ಸಭೆಯ ಸುಧಾರಣೆಗೆ ಕೈಹಾಕಿ 17 ಮಠಗಳನ್ನು ಕಟ್ಟಿದರು. 1970ರಲ್ಲಿ ಧರ್ಮಸಭೆ ಅವರಿಗೆ ತನ್ನ ಮಹಾಪಂಡಿತರ ಸಾಲಿನಲ್ಲಿ ಸ್ಥಾನ ಕೊಟ್ಟಿತು. ಆ ಗೌರವ ಪಡೆದ ಮೊದಲ ಮಹಿಳೆ ಅವರು. ಪ್ರಾರ್ಥನೆಯನ್ನು ಜಗತ್ತಿಗೆ ಕಲಿಸಿದ ಗುರುವಿನ ಸಾಧನೆಗೆ ಬುನಾದಿ ಹಾಕಿದ ವರ್ಷಗಳಲ್ಲಿ ಗಡಿಯಾರದ ಸದ್ದು ಕೇಳುತ್ತಾ ಕೂತ ಆ ವರ್ಷಗಳೂ ಸೇರಿವೆ.

ತೆರೇಸಾ ತೋರಿದ ಹಾದಿಯ ಸನ್ಯಾಸಿನಿಯರು 1870ರಲ್ಲಿ ಫ್ರಾನ್ಸಿನ ಪೋ ಎಂಬ ಊರಿನಿಂದ ಹೊರಟು ಹಡಗಿನಲ್ಲಿ ಮಂಗಳೂರಿಗೆ ಬಂದರು. ಹೊರಗಿನ ಸಂಪರ್ಕವಿಲ್ಲದೆ, ಮೌನದಲ್ಲೂ ಪ್ರಾರ್ಥನೆಯಲ್ಲೂ ಬದುಕು ಕಳೆಯುವ ಏಕಾಂತ ಮಠವನ್ನು ಇಲ್ಲಿ ಕಟ್ಟುವುದು ಅವರ ಉದ್ದೇಶ. ಪಯಣದಲ್ಲೇ ಕೆಲವರು ತೀರಿಕೊಂಡರು. ಉಳಿದವರಲ್ಲಿ ಗಲಿಲೇಯದ ಇಬಿಲ್ಲಿನ್ ಹಳ್ಳಿಯ ಮರಿಯಂ ಬವಾರ್ದಿ ಒಬ್ಬಳು. ಮೂರರ ಹೊತ್ತಿಗೆ ತಂದೆತಾಯಿಯನ್ನು ಕಳೆದುಕೊಂಡವಳು, ಮನೆಗೆಲಸ ಮಾಡಿ ಬದುಕಿದವಳು, ಹೆಚ್ಚು ಓದುಬರಹ ಬಾರದವಳು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ಅವಳು ವ್ರತ ಸ್ವೀಕರಿಸಿದಳು.

ಅವಳ ಪ್ರಾರ್ಥನೆಯ ಅನುಭವಗಳು ಅಸಾಧಾರಣವಾಗಿದ್ದವು. ಮೇಲಿನವರಿಗೆ ಅನುಮಾನ ಬಂತು. ಇದು ದೇವರಿಂದ ಬಂದದ್ದಲ್ಲ ಎಂಬ ಮಾತೆದ್ದು 1872ರಲ್ಲಿ ಅವಳನ್ನು ಫ್ರಾನ್ಸಿಗೆ ವಾಪಸು ಕಳುಹಿಸಿದರು. ಹೊಸ ನಾಡಿನಲ್ಲಿ ಹೊಸದಾಗಿ ವ್ರತ ತೊಟ್ಟವಳಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ? ಅವಳು ಮಠ ಬಿಡಲಿಲ್ಲ. ಮತ್ತೆ ಪೋ ಮಠದ ಕೆಲಸಗಳಿಗೆ ಮರಳಿದಳು. 1875ರಲ್ಲಿ ಬೇತ್ಲೆಹೇಮಿಗೆ ಹೋಗಿ ಅಲ್ಲೊಂದು ಮಠ ಕಟ್ಟುವುದರಲ್ಲಿ ದುಡಿದಳು. ಮೂರು ವರ್ಷಗಳ ನಂತರ, ಕೆಲಸದವರಿಗೆ ನೀರು ಒಯ್ಯುವಾಗ ಬಿದ್ದು, ಆ ಗಾಯ ಕೊಳೆತು ಪ್ರಾಣ ಬಿಟ್ಟಳು. ಆಗ ಅವಳಿಗೆ ಮೂವತ್ತೆರಡು ವರ್ಷ. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವಳನ್ನು ಸಂತಳೆಂದು ಘೋಷಿಸಿದರು. ಮಂಗಳೂರಿನ ಮಣ್ಣಿನಲ್ಲಿ ವ್ರತ ತೊಟ್ಟ ಈ ಸಂತಳ ದೊಡ್ಡತನವನ್ನು ನಾನು ಅವಳ ದರ್ಶನಗಳಲ್ಲಿ ಹುಡುಕುವುದಿಲ್ಲ. ತನ್ನನ್ನು ನಂಬದವರ ನಡುವೆಯೂ ದೇವರ ಸನ್ನಿಧಿ ಬಿಟ್ಟು ಕದಲದ ಆ ವರ್ಷಗಳಲ್ಲಿ ಕಾಣುತ್ತೇನೆ.

ಯಾಕೋಬನ ಪತ್ರಿಕೆ ಇಂಥ ತಾಳ್ಮೆಗೆ ರೈತನನ್ನು ಮಾದರಿಯಾಗಿಡುತ್ತದೆ. ಪಲೆಸ್ತೀನಿನ ರೈತನಿಗೆ ಮುಂಗಾರು ಬರುವುದು ಅಕ್ಟೋಬರ್, ನವೆಂಬರಿನಲ್ಲಿ. ನೆಲ ಮೆತ್ತಗಾಗಿ ಉಳುಮೆ, ಬಿತ್ತನೆ ಆಗುತ್ತದೆ. ಕಾಳು ಗಟ್ಟಿಯಾಗಲು ಹಿಂಗಾರು ಬೇಕು, ಅದು ಬರುವುದು ಮಾರ್ಚ್, ಏಪ್ರಿಲ್ ಹೊತ್ತಿಗೆ. ಎರಡು ಮಳೆಗಳ ನಡುವಿನ ತಿಂಗಳುಗಳಲ್ಲಿ ಅವನು ಹೊಲ ಮಾರಿ ಊರು ಬಿಡುವುದಿಲ್ಲ, ಬೇರು ಬಿಟ್ಟಿದೆಯೇ ಎಂದು ಪೈರನ್ನು ಕಿತ್ತು ನೋಡುವುದೂ ಇಲ್ಲ. ಕಳೆ ಕೀಳುತ್ತಾನೆ, ಬೇಲಿ ಕಟ್ಟುತ್ತಾನೆ, ಮಳೆಯನ್ನು ಮಳೆ ಕೊಡುವವನಿಗೆ ಬಿಡುತ್ತಾನೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ತಾಳ್ಮೆಯ ಹೆಸರಿನಲ್ಲಿ ಅನ್ಯಾಯವನ್ನು ಹೊರಿಸುವ ಕೆಟ್ಟ ಚಾಳಿ ನಮ್ಮಲ್ಲಿದೆ. ಕುಡಿದು ಹೊಡೆಯುವ ಗಂಡನನ್ನು ಸಹಿಸಿಕೋ, ಅದೇ ನಿನ್ನ ಶಿಲುಬೆ ಎಂದು ಹೆಣ್ಣುಮಗಳಿಗೆ ಹೇಳುವವರಿದ್ದಾರೆ. ಕೂಲಿ ಕೊಡದ ಮಾಲೀಕನೆದುರು ತಗ್ಗಿ ನಡೆ ಎನ್ನುವವರಿದ್ದಾರೆ. ಬೈಬಲ್ ಹೇಳುವ ತಾಳ್ಮೆ ಇದಲ್ಲ. ರೈತನ ಮಾತನ್ನಾಡಿದ ಅದೇ ಯಾಕೋಬ, ಅದೇ ಅಧ್ಯಾಯದಲ್ಲಿ, ಕೂಲಿಯಾಳುಗಳ ಸಂಬಳ ಹಿಡಿದಿಟ್ಟುಕೊಂಡ ಧನಿಕರನ್ನು ಕಟುವಾಗಿ ಖಂಡಿಸುತ್ತಾನೆ. ಅವರ ಕೂಗು ದೇವರ ಕಿವಿ ಮುಟ್ಟಿದೆ ಎನ್ನುತ್ತಾನೆ. ತಾಳ್ಮೆಗೆ ಹೆಸರಾದ ಯೋಬ ದೇವರೊಂದಿಗೇ ವಾದಕ್ಕಿಳಿದ. ಎಷ್ಟರವರೆಗೆ ಎಂದು ಕೀರ್ತನೆಗಾರ ಮತ್ತೆ ಮತ್ತೆ ಕೂಗಿದ. ಪೆಟ್ಟು ತಿನ್ನುವ ಹೆಣ್ಣುಮಗಳು ಆ ಮನೆಯಿಂದ ಹೊರಬಂದು ನೆರವು ಕೇಳುವುದು ನಂಬಿಕೆಯ ಸೋಲಲ್ಲ. ಅವಳ ಜೊತೆ ನಿಲ್ಲಬೇಕಾದದ್ದು ಸಭೆಯ ಕರ್ತವ್ಯ. ಎದ್ದು ಹೋಗಬಾರದ್ದು ದೇವರ ಸನ್ನಿಧಿಯಿಂದ, ಹಿಂಸೆಯ ಕೈಯಳತೆಯಿಂದ ಅಲ್ಲ.

ಹಾಗಾದರೆ ಅಭ್ಯಾಸ ಎಲ್ಲಿಂದ ಶುರುಮಾಡಬೇಕು? ಚಿಕ್ಕದಾಗಿ, ಇವತ್ತೇ. ಹದಿನೈದು ನಿಮಿಷ ಗೊತ್ತುಮಾಡಿಕೊಳ್ಳಿ. ಒಂದೇ ಹೊತ್ತು, ಒಂದೇ ಜಾಗ ಇರಲಿ. ದೇವರ ಪಟದ ಮುಂದೆಯೇ ಆಗಬೇಕೆಂದಿಲ್ಲ, ಅಡುಗೆಮನೆಯ ಮಣೆಯಾದರೂ ಆದೀತು. ಮೊಬೈಲು ಬೇರೆ ಕೋಣೆಯಲ್ಲಿರಲಿ. ಸುವಾರ್ತೆಯ ಒಂದು ಚಿಕ್ಕ ಭಾಗವನ್ನು ನಿಧಾನವಾಗಿ ಓದಿ ಪುಸ್ತಕ ಮುಚ್ಚಿ. ಬೆನ್ನು ನೇರ ಮಾಡಿ ಕೂತು ಯೇಸುವಿನ ಹೆಸರನ್ನು ಉಸಿರಿನೊಡನೆ ಮೆಲ್ಲಗೆ ಹೇಳಿಕೊಳ್ಳಿ. ಮನಸ್ಸು ಓಡುತ್ತದೆ, ಓಡಲಿ. ಓಡಿದೆ ಎಂದು ಗೊತ್ತಾದ ಕೂಡಲೇ ಬೈದುಕೊಳ್ಳದೆ ಹೆಸರಿಗೆ ಮರಳಿ. ನೂರು ಸಲ ಓಡಿದರೆ ನೂರು ಸಲ ಮರಳಿ. ಹಾಗೆ ಮರಳುವುದೇ ಅಂದಿನ ಪ್ರಾರ್ಥನೆ.

ಹೊತ್ತಿಗೆ ಮುಂಚೆ ಏಳಬೇಡಿ. ಲೊಯೋಲಾದ ಸಂತ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಗಳ ಕೈಪಿಡಿಯಲ್ಲಿ ಇದಕ್ಕೊಂದು ಗಟ್ಟಿ ಸೂತ್ರವಿದೆ. ಮನಸ್ಸು ತುಂಬಿದ ದಿನ ಗೊತ್ತುಮಾಡಿದ ಹೊತ್ತು ಕೂರುವುದು ಹಗುರ. ಮನಸ್ಸು ಒಣಗಿದ ದಿನ ಅದು ಬಲು ಭಾರ. ಆದ್ದರಿಂದ ಒಣಗಿದ ದಿನ ಹೊತ್ತು ಪೂರ್ತಿಯಾದ ಮೇಲೂ ಸ್ವಲ್ಪ ಹೆಚ್ಚಿಗೆ ಇರಬೇಕು ಎನ್ನುತ್ತಾರೆ ಅವರು. ಓಡಿಹೋಗಬೇಕೆನ್ನಿಸಿದಾಗ ಎರಡು ನಿಮಿಷ ಜಾಸ್ತಿ ಕೂತವರು, ಮುಂದಿನ ಸಲ ಆ ಒತ್ತಡ ಬಂದಾಗ ಅದಕ್ಕೆ ಮಣಿಯುವುದಿಲ್ಲ. ಸೈನಿಕರಾಗಿದ್ದವರ ಅನುಭವದ ಮಾತಿದು.

ಹೀಗೆ ಕೂತು ಎದ್ದವರ ನಡವಳಿಕೆಯಲ್ಲಿ ಅದರ ಫಲ ತಡವಾಗಿಯಾದರೂ ಕಾಣುತ್ತದೆ. ಹೇಳಿದ್ದನ್ನೇ ಹತ್ತು ಸಲ ಹೇಳುವ ಅಜ್ಜಿಯ ಮಾತನ್ನು ಹನ್ನೊಂದನೆಯ ಸಲವೂ ಮುಖ ಸಿಂಡರಿಸದೆ ಕೇಳಲು ಬರುತ್ತದೆ. ಸಿಟ್ಟಿನಲ್ಲಿ ಬರೆದ ಸಂದೇಶವನ್ನು ಕಳುಹಿಸದೆ ಅಳಿಸಲು ಬರುತ್ತದೆ. ಆಸ್ಪತ್ರೆಯಲ್ಲಿ ಮಲಗಿದವರ ಪಕ್ಕ, ಸಮಾಧಾನದ ಮಾತು ಹುಡುಕದೆ, ಕೈ ಹಿಡಿದು ಸುಮ್ಮನೆ ಕೂರಲು ಬರುತ್ತದೆ. ಮಕ್ಕಳು ನಂಬಿಕೆಯಿಂದ ದೂರ ಸರಿದಾಗ ಗದರಿಸುವುದನ್ನು ಬಿಟ್ಟು ಪ್ರಾರ್ಥಿಸಲು ಬರುತ್ತದೆ. ಸಂತ ಅಗಸ್ಟೀನರ ತಾಯಿ ಮೋನಿಕಾ ಮಗನಿಗಾಗಿ ಅತ್ತು ಬೇಡಿದ್ದು ವರ್ಷಗಟ್ಟಲೆ. 387ರಲ್ಲಿ ಮಿಲಾನಿನಲ್ಲಿ ಮಗ ದೀಕ್ಷಾಸ್ನಾನ ಪಡೆದದ್ದನ್ನು ಕಂಡು, ಅದೇ ವರ್ಷ ಆಕೆ ಕಣ್ಣುಮುಚ್ಚಿದರು. ಅಗಸ್ಟೀನರು ಪಡೆದ ಆ ಸ್ನಾನ ನಡೆದದ್ದೂ ಪಾಸ್ಖ ಜಾಗರಣೆಯ ರಾತ್ರಿಯಲ್ಲೇ.

ಇಂದು ರಾತ್ರಿ ಗಂಟೆಗಳು ಮತ್ತೆ ಮೊಳಗುತ್ತವೆ. ಆದರೆ ಪುನರುತ್ಥಾನದೊಂದಿಗೆ ಕಾಯುವಿಕೆ ಮುಗಿಯಿತೆಂದು ತಿಳಿಯಬಾರದು. ಎದ್ದು ಬಂದ ಯೇಸು ಶಿಷ್ಯರಿಗೆ ಕೊಟ್ಟ ಆಜ್ಞೆಗಳಲ್ಲಿ ಒಂದು, ಜೆರುಸಲೇಮ್ ಬಿಟ್ಟು ಹೋಗದೆ ತಂದೆಯ ವಾಗ್ದಾನಕ್ಕಾಗಿ ಕಾಯಿರಿ ಎಂಬುದು. ಲೋಕದ ಕಟ್ಟಕಡೆಯವರೆಗೆ ಹೋಗಬೇಕಾದವರನ್ನು ಅವರು ಮೊದಲು ಒಂದು ಊರಿನಲ್ಲಿ ಕೂರಿಸಿದರು. ಸ್ವರ್ಗಾರೋಹಣದಿಂದ ಪೆಂತೆಕೋಸ್ತಿನವರೆಗೆ ಶಿಷ್ಯರು, ಆ ಹೆಂಗಸರು, ಯೇಸುವಿನ ತಾಯಿ ಮರಿಯ ಒಟ್ಟಾಗಿ ಪ್ರಾರ್ಥನೆಯಲ್ಲಿ ಉಳಿದರು. ಕ್ರೈಸ್ತರ ಮೊದಲ ನೊವೆನಾ ಅದೇ. ಸಭೆ ಹುಟ್ಟಿದ್ದು ಹಾಗೆ ಕಾದವರ ನಡುವೆ. ಹಾಗಾಗಿ ಈಸ್ಟರ್ ಊಟ ಮುಗಿದು ನೆಂಟರು ಹೊರಟ ಮೇಲೆ, ಸೋಮವಾರ ಬೆಳಿಗ್ಗೆ ಆ ಹದಿನೈದು ನಿಮಿಷಕ್ಕೆ ಮತ್ತೆ ಕುಳಿತುಕೊಳ್ಳೋಣ. ಆ ದಿನ ಏನೂ ಅನ್ನಿಸದಿದ್ದರೆ ಮಂಗಳವಾರವೂ ಕುಳಿತುಕೊಳ್ಳೋಣ.

ಪ್ರಾರ್ಥನೆ: ಪ್ರಭುವೇ, ನಮಗಾಗಿ ನೀವು ಕಾದಷ್ಟು ನಾವು ನಿಮಗಾಗಿ ಕಾದಿಲ್ಲ. ನಿಮ್ಮ ಉತ್ತರ ತಡವಾದಾಗ ನಿಮ್ಮನ್ನು ಬಿಟ್ಟು ಹೋಗದಂತೆ ನಮ್ಮನ್ನು ಹಿಡಿದುಕೊಳ್ಳಿ. ನೋವಿನಲ್ಲಿರುವವರ ಪಕ್ಕದಿಂದ ಬೇಗ ಏಳದ ಗಟ್ಟಿತನ ಕೊಡಿ. ಅನ್ಯಾಯವನ್ನು ಕಂಡಾಗ ಬಾಯಿ ಕೊಡಿ, ನಿಮ್ಮ ಮುಂದೆ ಕೂತಾಗ ಮೌನ ಕೊಡಿ. ಆಮೆನ್.